ಉಪಸರ್ಗ ಕಾಲದಲ್ಲಿ ಜಿನಸ್ಮರಣೆ

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಸಮುದ್ರಮಟ್ಟದಿಂದ 1,454 ಮೀಟರು ಎತ್ತರವುಳ್ಳದ್ದು. ಅದರ ಮೇಲೆ ವೇಣುಗೋಪಾಲನ ದೇವಾಲಯವೂ ಹಳೆಯ ಕೋಟೆಯ ಕುರುಹುಗಳೂ ಇವೆ. ದೇವಾಲಯವು ಕ್ರಿ.ಶ. 1315ರ ಸುಮಾರಿನದೆಂದು ಹೇಳುವರು. ಅದಕ್ಕೆ ಕೆಲವೇ ವರ್ಷ ಮುಂಚೆ, 1311ರಲ್ಲಿ, ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ಎರಗಿತ್ತು. ಆಪತ್ತು ಒದಗಿದಾಗ ಮಾನವನು ಕೋಟೆಯನ್ನೂ ಆಶ್ರಯಿಸುವನು, ದೇವರನ್ನೂ ನೆನೆಯುವನು. ಇದು ಸರ್ವಮತಗಳಿಗೂ ಸಮಾನವಾದುದು. ಆದರೆ ಅಂತಹ ವೇಳೆಯಲ್ಲಿ ಶ್ರಾವಕನಾದವನು ಬೇಡತಕ್ಕದ್ದೇನು?

ಬೆಟ್ಟಕ್ಕೆ ಹೋಗುವ ಮಾರ್ಗದಲ್ಲಿ ಹಂಗಳವೆಂಬ ಗ್ರಾಮವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಪಟ್ಟವೇರುವ ಮುನ್ನ ಇಲ್ಲಿ ಬಂಧನದಲ್ಲಿದ್ದರು. ಆ ದುರ್ದಿನಗಳಲ್ಲಿ ಅವರಿಗೆ ಸಂಗಡಿಗರಾಗಿದ್ದವರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು. 1673ರಲ್ಲಿ ಸಿಂಹಾಸನವನ್ನೇರಿದ ಒಡೆಯರು ಪಂಡಿತರನ್ನೇ ಮಂತ್ರಿಪದವಿಗೆ ತಂದರು. ಆದರೆ 1686ರಲ್ಲಿ ಪಂಡಿತರು ಘಾತುಕರ ಕೈಯಿಂದ ಹತರಾದರು. ಸೆರೆ ಬಿಟ್ಟಿತು, ಮೃತ್ಯು ಬಿಡಲಿಲ್ಲ. ಪ್ರಾಣರಕ್ಷಣೆಯೊಂದೇ ಪ್ರಾರ್ಥನೆಯ ಫಲವೆಂದು ಭಾವಿಸಿದರೆ ಇಂತಹ ಸಂದರ್ಭದಲ್ಲಿ ನಂಬಿಕೆಯೇ ಕುಸಿದೀತು.

ಇದಕ್ಕೆ ಉತ್ತರವು ಭಗವಾನ್ ಪಾರ್ಶ್ವನಾಥರ ಚರಿತ್ರೆಯಲ್ಲಿದೆ. ಧ್ಯಾನಸ್ಥರಾಗಿದ್ದ ಸ್ವಾಮಿಯ ಮೇಲೆ, ಪೂರ್ವಜನ್ಮದ ವೈರಿ ಕಮಠನ ಜೀವವು ಏಳು ದಿನ ಬಿರುಮಳೆಯನ್ನೂ ಕಲ್ಲುಗಳನ್ನೂ ಸುರಿಸಿತು. ಸ್ವಾಮಿಯು ವೈರಿಯ ನಾಶವನ್ನು ಬಯಸಲಿಲ್ಲ, ಧ್ಯಾನದಿಂದ ಕದಲಲೂ ಇಲ್ಲ. ಆಗ ಹೆಡೆಯೆತ್ತಿ ಕಾಯ್ದವರು ಧರಣೇಂದ್ರ-ಪದ್ಮಾವತಿಯರು. ಉರಿಯುವ ಕಟ್ಟಿಗೆಯೊಳಗೆ ಸಾಯುತ್ತಿದ್ದ ನಾಗದಂಪತಿಗಳಾಗಿದ್ದಾಗ ಇದೇ ಪಾರ್ಶ್ವಕುಮಾರನ ಕರುಣೆಗೆ ಪಾತ್ರರಾದವರು ಅವರು. ಹಿಂದೆ ತೋರಿದ ದಯೆಯೇ ಆಪತ್ಕಾಲದಲ್ಲಿ ಕೊಡೆಯಾಗಿ ನಿಂತಿತು. ವೀತರಾಗನಾದ ಜಿನನು ಒಲಿದು ಕೊಡುವವನೂ ಅಲ್ಲ, ಮುನಿದು ಶಿಕ್ಷಿಸುವವನೂ ಅಲ್ಲ. ಅವನ ಗುಣಗಳನ್ನು ಸ್ಮರಿಸಿದವನಿಗೆ ಭಯವು ಕರಗಿ ಸಮಭಾವವು ನೆಲೆಗೊಳ್ಳುವುದು. ಪಂಚನಮಸ್ಕಾರ ಮಂತ್ರದಲ್ಲಿ ಯಾವ ಬೇಡಿಕೆಯೂ ಇಲ್ಲದಿರುವುದು ಇದರಿಂದಲೇ.

ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವು ಇದೇ ಧರ್ಮವನ್ನು ಗೃಹಸ್ಥರಿಗೆ ತೋರಿಸುತ್ತದೆ. ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಗಿರಿಯನ್ನು ಹೊಕ್ಕು ವಿಜಯಿಯಾದ ವೀರ. ಆದರೂ ಆ ಶಾಸನವು ಅವನ ಶೌರ್ಯದೊಡನೆ, ನಷ್ಟಹೊಂದಿದ ವ್ಯಾಪಾರಿಗೂ ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗನಿಗೂ ಅವನು ನೆರವಾದುದನ್ನು ಸಹ ಕೊಂಡಾಡುತ್ತದೆ. ಬಸದಿಯನ್ನು ಕಟ್ಟಿಸಿದ ಕೈಯೇ ಬೀಜವನ್ನೂ ಕೊಟ್ಟಿತು.

ಬಿಂಬಪ್ರತಿಷ್ಠೆಯ ಈ ಶುಭಾವಸರದಲ್ಲಿ ಶ್ರಾವಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸಂಕಟ ಬಂದಾಗ ಜಿನಸ್ಮರಣೆಯಿಂದ ಧೈರ್ಯ ತಾಳುವುದು ಧರ್ಮ. ಸಂಕಟವಿಲ್ಲದ ದಿನಗಳಲ್ಲಿ ಪರರ ಸಂಕಟಕ್ಕೆ ಒದಗುವುದೂ ಅದೇ ಪ್ರಾರ್ಥನೆಯ ಅಂಗ.