ಗಡಿಯ ವಿದ್ಯಾರ್ಥಿ ಮತ್ತು ಪಠ್ಯದ ಪದಭಾರ: ಕೊಲ್ಹಾಪುರ ಸೀಮೆಯ ಒಂದು ನೋಟ

ಕನ್ನಡವನ್ನು ದ್ವಿತೀಯ ಭಾಷೆಯಾಗಿ ಓದುವವರ ಪಠ್ಯದಲ್ಲಿ ಎಷ್ಟು ಹೊಸ ಪದ ಇರಬಹುದು ಅನ್ನೋದು ನನ್ನ ಪ್ರಶ್ನೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯನ್ನು ಇಟ್ಟುಕೊಂಡು ಮಾತಾಡುತ್ತೇನೆ.

ಮೊದಲು ಇತಿಹಾಸ. ಕೊಲ್ಹಾಪುರದ ಶಿಲಾಹಾರರ ಅನೇಕ ಶಾಸನಗಳು ಕನ್ನಡದಲ್ಲಿವೆ. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ತಂದರು. ಬೆಳಗಾವಿ, ಧಾರವಾಡ, ವಿಜಾಪುರ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. 1956ರ ನವೆಂಬರ್ 1ರಂದು ಆ ಭಾಗ ಮೈಸೂರು ರಾಜ್ಯಕ್ಕೆ ಸೇರಿತು, ಕೊಲ್ಹಾಪುರ ಆಚೆಗೇ ಉಳಿಯಿತು. 1962ರಲ್ಲಿ ಅಲ್ಲಿ ಶಿವಾಜಿ ವಿಶ್ವವಿದ್ಯಾಲಯ ಬಂತು. ರಾಜ್ಯದ ಗೆರೆ ಬದಲಾದಂತೆ ಕನ್ನಡದ ಓದುಗನೂ ಬದಲಾದ. ಗಡಹಿಂಗ್ಲಜದ ಹಳ್ಳಿಯಲ್ಲಾಗಲಿ, ಇಚಲಕರಂಜಿಯ ಮಗ್ಗದ ಓಣಿಯಲ್ಲಾಗಲಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅನ್ನುವ ಹುಡುಗ ಹುಡುಗಿಯರು ಸಿಗುತ್ತಾರೆ. ಇವರಿಗೆ ಕನ್ನಡ ಮಾತು ಬರುತ್ತದೆ, ಗ್ರಂಥದ ಕನ್ನಡ ಬರುವುದಿಲ್ಲ.

ಇಂಗ್ಲಿಷ್ ಕಲಿಯುವವರಿಗಾಗಿ ಮೈಕೇಲ್ ವೆಸ್ಟ್ 1953ರಲ್ಲೇ ಸುಮಾರು 2000 ಪದಗಳ ಪಟ್ಟಿ ಕೊಟ್ಟರು. ಹೂ ಮತ್ತು ನೇಷನ್ ಅವರ 2000ದ ಅಧ್ಯಯನದ ಪ್ರಕಾರ, ಕತೆಯೊಂದನ್ನು ನೆರವಿಲ್ಲದೆ ಓದಿ ತಿಳಿಯಲು ಸುಮಾರು 98 ಶೇಕಡ ಪದಗಳು ಗೊತ್ತಿರಬೇಕು. ಅಂದ್ರೆ 250 ಪದದ ಪುಟದಲ್ಲಿ 5 ಅಪರಿಚಿತ ಪದ. ಅದೇ 90 ಶೇಕಡ ಆದರೆ 25. ಅಷ್ಟು ಸಲ ನಿಘಂಟು ತೆರೆಯುವವನು ಓದುವುದನ್ನೇ ಬಿಡುತ್ತಾನೆ.

ಆದರೆ ಈ ಲೆಕ್ಕವನ್ನು ನೇರವಾಗಿ ಕನ್ನಡಕ್ಕೆ ಹಚ್ಚಲಾಗದು. ಮನೆ, ಮನೆಯಲ್ಲಿ, ಮನೆಗಳಿಂದ ಇವು ಒಂದು ಪದವೋ ಮೂರೋ? ವಿಭಕ್ತಿ, ಸಂಧಿ ಬಿಡಿಸದೆ ಎಣಿಸಿದರೆ ಪಠ್ಯ ಇರುವುದಕ್ಕಿಂತ ಕಠಿಣ ಅನ್ನಿಸುತ್ತದೆ.

ಇನ್ನೊಂದು ತೊಡಕು ಗಡಿಗೇ ವಿಶೇಷ. ಕಾದಂಬರಿ ಎಂದರೆ ಎರಡೂ ಭಾಷೆಯಲ್ಲಿ ಒಂದೇ ಅರ್ಥ, ಅಲ್ಲಿ ಮರಾಠಿ ನೆರವಾಗುತ್ತದೆ. ಆದರೆ ‘ವ್ಯಾಖ್ಯಾನ’ ಮರಾಠಿಯಲ್ಲಿ ಭಾಷಣ, ನಮ್ಮಲ್ಲಿ ಟೀಕೆ, ವಿವರಣೆ. ‘ಪ್ರಪಂಚ’ ಅಲ್ಲಿ ಸಂಸಾರ, ಇಲ್ಲಿ ಜಗತ್ತು. ‘ರಾಗ’ ಅಲ್ಲಿ ಸಿಟ್ಟೂ ಹೌದು, ಇಲ್ಲಿ ಸಂಗೀತದ್ದು.

ಪಾಠದ ಕೊನೆಯ ಪದಕೋಶದಲ್ಲಿ ನಾವು ಹಳಗನ್ನಡದ ಪದಗಳಿಗೆ ಅರ್ಥ ಕೊಡುತ್ತೇವೆ. ಅವು ಕಠಿಣ ಅಂತ ವಿದ್ಯಾರ್ಥಿಗೂ ಗೊತ್ತು, ಹುಡುಕಿಕೊಳ್ಳುತ್ತಾನೆ. ‘ಪ್ರಪಂಚ’ವನ್ನು ಅವನು ಹುಡುಕುವುದೇ ಇಲ್ಲ, ಗೊತ್ತಿದೆ ಅಂದುಕೊಂಡು ತಪ್ಪಾಗಿ ಓದುತ್ತಾನೆ. ಹಾಗಾಗಿ ಈ ಸೀಮೆಯ ಪಠ್ಯಕ್ಕೆ ಮೊದಲು ಬೇಕಾದದ್ದು ಇಂಥ ಪರಿಚಿತ ಪದಗಳ ಪಟ್ಟಿ ಎಂಬುದು ನನ್ನ ಅಭಿಪ್ರಾಯ. ಚರ್ಚೆಗೆ ನಿಮ್ಮ ಮುಂದೆ ಇಡುತ್ತೇನೆ.