ಹಳೇ ಹಾಡು ಕೇಳಿದೊಡನೆ ಹಳೇ ದಿನಗಳು ನೆನಪಾಗುವುದೇಕೆ? ಹಾಡಿನಿಂದ ಮರೆವಿನ ಕಾಯಿಲೆ ವಾಸಿಯಾಗುತ್ತದೆಯೇ?

ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧೆಯೊಬ್ಬರು ಹೆಡ್‌ಫೋನಿನಲ್ಲಿ ‘ಸ್ವಾನ್ ಲೇಕ್’ ಸಂಗೀತ ಕೇಳುತ್ತಾರೆ. ನೋಡನೋಡುತ್ತಿದ್ದಂತೆ ಅವರ ಕೈಗಳು ನೃತ್ಯದ ಭಂಗಿಯಲ್ಲಿ ಮೇಲೇಳುತ್ತವೆ. 2020ರಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಈ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ವಿಡಿಯೋಗಳ ಜೊತೆಗೆ ‘ಹಾಡು ಕೇಳಿಸಿದರೆ ಮರೆತದ್ದೆಲ್ಲ ವಾಪಸ್ ಬರುತ್ತದೆ’ ಎಂಬರ್ಥದ ಬರಹವೂ ಸೇರಿಕೊಳ್ಳುತ್ತದೆ. ಇದರಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ವಿಡಿಯೋ ನಿಜವೇ?

ಅರ್ಧ ನಿಜ. ಆ ಮಹಿಳೆ ಮಾಜಿ ಬ್ಯಾಲೆ ನರ್ತಕಿ, ಅವರಿಗೆ ಅಲ್ಝೈಮರ್ ಇತ್ತು. ಮರೆವಿನ ಕಾಯಿಲೆಯವರಿಗೆ ಸಂಗೀತ ಕೇಳಿಸುವ ಸ್ಪೇನಿನ ಸಂಸ್ಥೆಯೊಂದು 2019ರಲ್ಲಿ ಅವರನ್ನು ಚಿತ್ರೀಕರಿಸಿತ್ತು. ಆದರೆ ಅವರು ಪ್ರಸಿದ್ಧ ‘ನ್ಯೂಯಾರ್ಕ್ ಸಿಟಿ ಬ್ಯಾಲೆ’ಯ ಪ್ರಧಾನ ನರ್ತಕಿಯಾಗಿದ್ದರು ಎಂದು ಹಲವರು ಹಂಚಿಕೊಂಡದ್ದು ಸರಿಯಲ್ಲ. ನಡುನಡುವೆ ಕಾಣಿಸುವ ಯುವ ನರ್ತಕಿಯೂ ಅವರಲ್ಲ. ಅದು ರಷ್ಯಾದ ಉಲ್ಯಾನಾ ಲೋಪಟ್ಕಿನಾ ಅವರ ಬೇರೊಂದು ನೃತ್ಯದ ತುಣುಕು. ಮುಖ್ಯ ಪ್ರಶ್ನೆ ಇನ್ನೂ ಉಳಿದಿದೆ. ಸಂಗೀತಕ್ಕೆ ಆ ಕೈಗಳು ಮೇಲೆದ್ದದ್ದು ಹೇಗೆ?

ಹಾಡಿಗೂ ನೆನಪಿಗೂ ಗಂಟು ಬೀಳುವುದು ಹೇಗೆ?

ಒಂದು ಘಟನೆ ನಡೆಯುವಾಗ ಮಿದುಳು ಅದನ್ನಷ್ಟೇ ದಾಖಲಿಸುವುದಿಲ್ಲ. ಸುತ್ತಲಿನ ವಾಸನೆ, ಜಾಗ, ಜನ, ಕಿವಿಗೆ ಬಿದ್ದ ಹಾಡು ಎಲ್ಲವನ್ನೂ ಸೇರಿಸಿ ಕಟ್ಟಿಡುತ್ತದೆ. ಮುಂದೆ ಅದರಲ್ಲಿ ಒಂದು ಎಳೆ ಸಿಕ್ಕರೂ ಉಳಿದದ್ದು ಹಿಂದೆಯೇ ಬರುತ್ತದೆ. ಆ ಗಳಿಗೆಯಲ್ಲಿ ಸಂತೋಷವೋ ದುಃಖವೋ ಜೋರಾಗಿದ್ದರೆ ಗಂಟು ಇನ್ನೂ ಬಿಗಿ.

ಸಿನಿಮಾ ಹಾಡಿಗೆ ಇನ್ನೊಂದು ಅನುಕೂಲವಿದೆ. ಬಿಡುಗಡೆಯಾದ ಕೆಲವು ತಿಂಗಳು ಅದು ಬಸ್ಸು, ಹೋಟೆಲು, ಗಣೇಶನ ಪೆಂಡಾಲು, ಮದುವೆ ಮನೆ ಎಲ್ಲೆಡೆ ಕೇಳಿಸುತ್ತದೆ. ಆಮೇಲೆ ಮರೆಯಾಗುತ್ತದೆ. ಹಾಗಾಗಿ ಆ ವರ್ಷದ ಪಿಯುಸಿ ಫಲಿತಾಂಶ, ಮೊದಲ ಕೆಲಸ, ಮದುವೆ ಇವೆಲ್ಲಕ್ಕೂ ಅದು ಗುರುತಿನ ಚೀಟಿಯಾಗುತ್ತದೆ. ಹುಟ್ಟುಹಬ್ಬದ ಹಾಡನ್ನು ನಾವು ಪ್ರತಿ ವರ್ಷ ಹತ್ತಾರು ಸಲ ಕೇಳುವುದರಿಂದ ಅದು ಯಾವುದೇ ಒಂದು ದಿನಕ್ಕೆ ಅಂಟಿಕೊಳ್ಳುವುದಿಲ್ಲ.

ಎಲ್ಲ ಹಾಡೂ ನೆನಪು ತರುವುದಿಲ್ಲ ಎಂಬುದೂ ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪೀಟರ್ ಜನಾಟಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಅವರ ಬಾಲ್ಯ ಮತ್ತು ಹದಿಹರೆಯದ ಕಾಲದ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಲಾಗಿತ್ತು. ಸರಾಸರಿ ಶೇ. 30ರಷ್ಟು ಹಾಡುಗಳು ಮಾತ್ರ ಸ್ವಂತ ಬದುಕಿನ ನೆನಪನ್ನು ಎಬ್ಬಿಸಿದವು. 2009ರಲ್ಲಿ ಜನಾಟಾ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಹಾಡು, ಭಾವನೆ ಮತ್ತು ನೆನಪು ಒಟ್ಟುಗೂಡುವಲ್ಲಿ ಹಣೆಯ ಹಿಂದಿರುವ ಮಿದುಳಿನ ಮಧ್ಯಭಾಗಕ್ಕೆ ಪಾತ್ರವಿರುವುದು ಕಂಡುಬಂತು.

‘ನಮ್ಮ ಕಾಲದ ಹಾಡೇ ಹಾಡು’: ಇದು ನಿಜವೇ?

ಫ್ಯಾಮಿಲಿ ಗ್ರೂಪುಗಳಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ತಾತನಿಗೆ ‘ಬಂಗಾರದ ಮನುಷ್ಯ’ (1972), ಅಪ್ಪನಿಗೆ ‘ಪ್ರೇಮಲೋಕ’ (1987), ಅಕ್ಕನಿಗೆ ‘ಮುಂಗಾರು ಮಳೆ’ (2006). ಪ್ರತಿಯೊಬ್ಬರಿಗೂ ಆಮೇಲೆ ಬಂದದ್ದೆಲ್ಲ ಸಪ್ಪೆ.

ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳು ಉಳಿದ ವಯಸ್ಸಿನವುಗಳಿಗಿಂತ ಹೆಚ್ಚು ಉಳಿಯುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ‘ನಾನು ಯಾರು’ ಎಂದು ಕಂಡುಕೊಳ್ಳುವ, ಮೊದಲ ಅನುಭವಗಳೆಲ್ಲ ಆಗುವ ವಯಸ್ಸು ಅದು. ಆಗ ಕೇಳಿದ ಹಾಡು ಮನಸ್ಸಿಗೆ ಹತ್ತಿರವಾಗುತ್ತದೆ. ಅಂದರೆ, ನಾವು ಹೊಗಳುವುದು ಹಾಡನ್ನಷ್ಟೇ ಅಲ್ಲ, ನಮ್ಮ ಹದಿನೇಳನೇ ವಯಸ್ಸನ್ನೂ ಕೂಡ.

2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಸಹಸಂಶೋಧಕರು ಇದಕ್ಕೊಂದು ಚೆಂದದ ಸಂಗತಿ ಸೇರಿಸಿದರು. ಸುಮಾರು 20 ವರ್ಷದ ಯುವಜನರಿಗೆ ಸ್ವಂತ ಕಾಲದ ಹಾಡುಗಳಷ್ಟೇ ಅಲ್ಲ, ತಂದೆತಾಯಿ ಯುವಕರಾಗಿದ್ದಾಗಿನ ಹಾಡುಗಳೂ ಆಪ್ತವಾಗಿದ್ದವು. ಅಡುಗೆಮನೆಯ ರೇಡಿಯೋದಿಂದ, ಕಾರಿನ ಕ್ಯಾಸೆಟ್ಟಿನಿಂದ ಮಕ್ಕಳಿಗೂ ಹಾಡು ಬಳುವಳಿಯಾಗಿ ಬರುತ್ತದೆ.

ಹಾಡಿನಿಂದ ಮರೆವು ವಾಸಿಯಾಗುತ್ತದೆಯೇ?

ಇಲ್ಲ. ಬಹುಕಾಲದಿಂದ ಪರಿಚಿತವಾದ ಸಂಗೀತವನ್ನು ಗುರುತಿಸುವ ಮಿದುಳಿನ ಕೆಲವು ಭಾಗಗಳು ಅಲ್ಝೈಮರ್‌ನಲ್ಲಿ ಉಳಿದ ಭಾಗಗಳಷ್ಟು ಬೇಗ ಸವೆಯುವುದಿಲ್ಲ ಎಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ತೋರಿಸಿದರು. ವಿಡಿಯೋದಲ್ಲಿನ ಕೈಗಳು ಮೇಲೆದ್ದದ್ದಕ್ಕೆ ಇದು ಒಂದು ಕಾರಣವಿರಬಹುದು. ಆದರೆ ಉಳಿದುಕೊಂಡದ್ದು ಹೊರಬರುವುದು ಬೇರೆ, ಕಳೆದುಹೋದದ್ದು ಮರಳುವುದು ಬೇರೆ.

ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ಸಾರಾಂಶವೂ ಇದೇ. ಸಂಗೀತ ಚಿಕಿತ್ಸೆಯಿಂದ ಮರೆವಿನ ಕಾಯಿಲೆಯವರ ಖಿನ್ನತೆಯ ಲಕ್ಷಣಗಳು ತಗ್ಗುವ ಸಾಧ್ಯತೆ ಇದೆ. ನೆನಪು, ಯೋಚನಾಶಕ್ತಿಯ ಮೇಲೆ ಪರಿಣಾಮ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಫಾರ್ವರ್ಡ್ ನಂಬಿ, ‘ಹಾಡು ಕೇಳಿಸಿದರೆ ಸರಿಹೋಗುತ್ತಾರೆ’ ಎಂದು ಅಮ್ಮನನ್ನೋ ಅಜ್ಜನನ್ನೋ ವೈದ್ಯರಿಗೆ ತೋರಿಸದೇ ಇದ್ದರೆ ನಷ್ಟ ನಮ್ಮದೇ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

ಮನೆಯಲ್ಲಿ ಏನು ಮಾಡಬಹುದು?

• ಮರೆವು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ. ಹಾಡು ಔಷಧಿಯ ಬದಲಿಗೆ ಅಲ್ಲ, ಅದರ ಜೊತೆಗೆ.
• ಹಿರಿಯರು ಹುಟ್ಟಿದ ವರ್ಷಕ್ಕೆ 10ರಿಂದ 25 ಸೇರಿಸಿ. ಆ ಅವಧಿಯ ಹಾಡುಗಳನ್ನು ಹುಡುಕಿ. ಸಿನಿಮಾ ಹಾಡೇ ಆಗಬೇಕಿಲ್ಲ. ಸೋಬಾನೆ, ಭಜನೆ, ರಂಗಗೀತೆ, ಭಾವಗೀತೆಯೂ ಆಗಬಹುದು.
• ಸಣ್ಣ ದನಿಯಲ್ಲಿ ಕೇಳಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ. ‘ಇದು ಯಾವ ಸಿನಿಮಾ, ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ.
• ಮುಖ ಗಮನಿಸಿ. ಹಾಡು ನೋವಿನ ನೆನಪನ್ನೂ ತರಬಲ್ಲದು. ಕಸಿವಿಸಿ ಕಂಡರೆ ನಿಲ್ಲಿಸಿ.
• ಅಪ್ಪ ಅಮ್ಮನ ನೆನಪು ಚೆನ್ನಾಗಿರುವಾಗಲೇ ಅವರ ಇಷ್ಟದ ಹತ್ತು ಹಾಡುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಅವರಿಗೇ ಹೇಳಲಾಗದ ದಿನ ಬಂದರೆ ಆ ಪಟ್ಟಿ ಬೇಕಾಗುತ್ತದೆ.

ಒಟ್ಟಾರೆ, ಹಾಡು ನೆನಪಿನ ಬಾಗಿಲು ತಟ್ಟುತ್ತದೆ ಎಂಬುದು ನಿಜ. ಕಾಯಿಲೆ ವಾಸಿ ಮಾಡುತ್ತದೆ ಎಂಬುದು ಸುಳ್ಳು. ಮುಂದಿನ ಸಲ ಆ ವಿಡಿಯೋ ಬಂದರೆ, ಈ ಎರಡು ಮಾತನ್ನೂ ಸೇರಿಸಿ ಕಳಿಸಿ.