ಒಂದು ಟಿಕೆಟ್ಟಿಗೆ ಎರಡು ಭೂತ: ಅಮೆರಿಕದ ಅಗ್ಗದ ಹಾರರ್ ಚಿತ್ರಗಳ ಕಥೆ

ಒಂದೇ ಟಿಕೆಟ್ಟಿಗೆ ಬೆನ್ನುಬೆನ್ನಿಗೆ ಎರಡು ಚಲನಚಿತ್ರಗಳನ್ನು ತೋರಿಸುವ ಪದ್ಧತಿಗೆ ಅಮೆರಿಕದಲ್ಲಿ ‘ಡಬಲ್ ಫೀಚರ್’ ಎಂದು ಹೆಸರು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಖಾಲಿ ಕುರ್ಚಿಗಳನ್ನು ತುಂಬಿಸಲು ಚಿತ್ರಮಂದಿರಗಳ ಮಾಲೀಕರು ಈ ಉಪಾಯದ ಮೊರೆಹೋದರು. ಎರಡೂವರೆ, ಮೂರು ಗಂಟೆಯ ಚಿತ್ರಗಳಿಗೆ ಒಗ್ಗಿಕೊಂಡ ನಮ್ಮ ಪ್ರೇಕ್ಷಕರಿಗೆ ಇದು ಸೋಜಿಗವೆನಿಸಬಹುದು. ಆದರೆ ಅಲ್ಲಿನ ‘ಬಿ’ ದರ್ಜೆಯ ಚಿತ್ರಗಳು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತಿದ್ದವು. ಮುಖ್ಯ ಚಿತ್ರಕ್ಕೆ ಗಳಿಕೆಯಲ್ಲಿ ಶೇಕಡಾವಾರು ಪಾಲು, ಎರಡನೆಯದಕ್ಕೆ ನಿಗದಿತ ಬಾಡಿಗೆ. ಎಷ್ಟು ಜನ ಬಂದರೂ ಬಾಡಿಗೆ ಅಷ್ಟೇ ಆದುದರಿಂದ, ಎರಡನೆಯ ಚಿತ್ರವನ್ನು ಆದಷ್ಟು ಅಗ್ಗವಾಗಿ ತಯಾರಿಸುವುದೇ ಲಾಭದ ಹಾದಿಯಾಗಿತ್ತು. ದೊಡ್ಡ ತಾರೆಯರನ್ನು ಬೇಡದ, ಕತ್ತಲೆಯಲ್ಲೇ ಸೆಟ್ಟಿನ ಬಡತನವನ್ನು ಮುಚ್ಚಬಲ್ಲ ಹಾರರ್ ಈ ಲೆಕ್ಕಾಚಾರಕ್ಕೆ ಚೆನ್ನಾಗಿ ಹೊಂದಿಕೊಂಡಿತು.

1938ರಲ್ಲಿ ಲಾಸ್ ಏಂಜಲೀಸಿನ ರೆಜೀನಾ ಚಿತ್ರಮಂದಿರವು 1931ರ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಚಿತ್ರಗಳನ್ನು ಮರುಪ್ರದರ್ಶಿಸಿದಾಗ ಜನ ಮುಗಿಬಿದ್ದರು. ಹಾರರ್ ಕಾಲ ಮುಗಿಯಿತೆಂದು ಕೈಚೆಲ್ಲಿದ್ದ ಯೂನಿವರ್ಸಲ್ ಸಂಸ್ಥೆ ಎರಡನ್ನೂ ಜೋಡಿಯಾಗಿ ದೇಶಾದ್ಯಂತ ಬಿಡುಗಡೆ ಮಾಡಿತು. ಮರುವರ್ಷವೇ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ತೆರೆಕಂಡಿತು.

ಕೊರತೆಯನ್ನೇ ಕಲೆಯಾಗಿಸಿದವನು ಆರ್‌ಕೆಒ ಸಂಸ್ಥೆಯ ನಿರ್ಮಾಪಕ ವ್ಯಾಲ್ ಲ್ಯೂಟನ್. ಆತನಿಗೆ ವಿಧಿಸಿದ್ದ ಷರತ್ತುಗಳು ಮೂರು: ವೆಚ್ಚ ಒಂದೂವರೆ ಲಕ್ಷ ಡಾಲರ್ ಮೀರಬಾರದು, ಅವಧಿ 75 ನಿಮಿಷ ದಾಟಬಾರದು, ಶೀರ್ಷಿಕೆಯನ್ನು ಸಂಸ್ಥೆಯೇ ಕೊಡುತ್ತದೆ. ಮೊದಲು ಕೊಟ್ಟ ಶೀರ್ಷಿಕೆ ‘ಕ್ಯಾಟ್ ಪೀಪಲ್’. ಜಾಕ್ ಟೂರ್ನರ್ ನಿರ್ದೇಶಿಸಿದ, 1942ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ಬಹುಪಾಲು ಭಯ ಕಾಣದ ಚಿರತೆಯದು. ರಾತ್ರಿ ಒಂಟಿಯಾಗಿ ನಡೆಯುವ ಹೆಣ್ಣಿನ ಹಿಂದೆ ಹೆಜ್ಜೆಯ ಸದ್ದು. ಆ ಸದ್ದು ನಿಲ್ಲುತ್ತದೆ. ಇನ್ನೇನು ಮೇಲೆರಗಿತು ಎನ್ನುವಾಗ ಬುಸ್ಸೆಂದು ನುಗ್ಗುವುದು ಒಂದು ಬಸ್ಸು! ಇಂದಿಗೂ ಹಾರರ್ ಚಿತ್ರಗಳಲ್ಲಿ ಇಂಥ ಹುಸಿ ಬೆಚ್ಚಿಸುವಿಕೆಗೆ ‘ಲ್ಯೂಟನ್ ಬಸ್’ ಎಂದೇ ಹೆಸರು.

ಮೊದಲು ಪೋಸ್ಟರ್, ಆಮೇಲೆ ಕಥೆ

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪೊಂದು ದೊಡ್ಡ ಸ್ಟುಡಿಯೋಗಳಿಗೆ ಚಿತ್ರಮಂದಿರಗಳ ಮೇಲಿದ್ದ ಹಿಡಿತವನ್ನು ಸಡಿಲಿಸಿತು. ಇತ್ತ ಟಿ.ವಿ. ಮನೆಮನೆಗೂ ಬಂದು ದೊಡ್ಡವರನ್ನು ಸೋಫಾದಲ್ಲಿ ಕಟ್ಟಿಹಾಕಿತು. ಚಿತ್ರಮಂದಿರಕ್ಕೂ, ಕಾರಿನಲ್ಲೇ ಕುಳಿತು ನೋಡುವ ‘ಡ್ರೈವ್ ಇನ್’ ಬಯಲಿಗೂ ಹೋಗಲು ಉಳಿದವರು ಹದಿಹರೆಯದವರು. ಇವರನ್ನೇ ನಂಬಿ ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಆರಂಭಿಸಿದ ಕಂಪನಿಯೇ ಮುಂದೆ ‘ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್’ ಎಂದು ಪ್ರಸಿದ್ಧವಾಯಿತು. ಮೊದಲು ಶೀರ್ಷಿಕೆ, ಬಳಿಕ ಪೋಸ್ಟರ್, ಅದು ಪ್ರದರ್ಶಕರಿಗೆ ಒಪ್ಪಿಗೆಯಾದರೆ ಚಿತ್ರಕಥೆ: ಇದು ಅವರ ಕ್ರಮ. ಜೋಡಿಯ ಎರಡೂ ಚಿತ್ರಗಳನ್ನು ತಾವೇ ಒದಗಿಸಿದರೆ ಬಾಡಿಗೆ ಪೂರ್ತಿ ತಮ್ಮದೇ ಎಂಬ ಜಾಣತನವೂ ಅವರಲ್ಲಿತ್ತು. 1957ರಲ್ಲಿ ‘ಐ ವಾಸ್ ಎ ಟೀನೇಜ್ ವೇರ್‌ವುಲ್ಫ್’ ಚಿತ್ರದ ಜೊತೆಗಾರನಾಗಿ ಬಂದದ್ದು ಅವರದೇ ‘ಇನ್ವೇಷನ್ ಆಫ್ ದಿ ಸಾಸರ್ ಮೆನ್’.

ಈ ಕಂಪನಿಯ ಖ್ಯಾತ ನಿರ್ದೇಶಕ ರೋಜರ್ ಕಾರ್ಮನ್ ಮಿತವ್ಯಯದಲ್ಲಿ ಎತ್ತಿದ ಕೈ. ಕಾರ್ಮನ್ ಸ್ವತಂತ್ರವಾಗಿ ತೆಗೆದ 1960ರ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಚಿತ್ರದ ಮುಖ್ಯ ಚಿತ್ರೀಕರಣ ಮುಗಿದದ್ದು ಎರಡೇ ದಿನಗಳಲ್ಲಿ, ಬೇರೊಂದು ಚಿತ್ರಕ್ಕೆ ಬಳಸಿ ಉಳಿದ ಸೆಟ್ಟಿನಲ್ಲಿ. ನಟ ಬೋರಿಸ್ ಕಾರ್ಲಾಫ್ ಕೊಡಬೇಕಿದ್ದ ಎರಡು ದಿನಗಳ ಕಾಲ್‌ಶೀಟ್ ವ್ಯರ್ಥವಾಗಬಾರದೆಂದು ಪೀಟರ್ ಬೊಗ್ಡಾನೊವಿಚ್ ಎಂಬ ಹೊಸಬನಿಗೆ ವಹಿಸಲಾಯಿತು. ಹಾಗೆ ಹುಟ್ಟಿದ ‘ಟಾರ್ಗೆಟ್ಸ್’ (1968) ಮಾತ್ರ ಅಗ್ಗದ ಸರಕಲ್ಲ. ಕಾರ್ಮನ್ 2024ರಲ್ಲಿ, 98ನೇ ವಯಸ್ಸಿನಲ್ಲಿ ನಿಧನರಾದರು.

ವಿಲಿಯಂ ಕ್ಯಾಸಲ್‌ನದು ಇನ್ನೊಂದೇ ಬಗೆ. 1958ರ ‘ಮಕಾಬ್ರ್’ ನೋಡಿ ಹೆದರಿ ಸತ್ತವರಿಗೆ ಸಾವಿರ ಡಾಲರ್ ವಿಮೆ ಘೋಷಿಸಿದ. ಮರುವರ್ಷ ‘ಹೌಸ್ ಆನ್ ಹಾಂಟೆಡ್ ಹಿಲ್’ ಪ್ರದರ್ಶನದ ನಡುವೆ ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ಅಸ್ಥಿಪಂಜರ ತೇಲಿಬಂತು. ‘ದಿ ಟಿಂಗ್ಲರ್’ ಚಿತ್ರಕ್ಕಂತೂ ಕೆಲವು ಕುರ್ಚಿಗಳ ಕೆಳಗೆ ಗಡಗಡಿಸುವ ಯಂತ್ರಗಳನ್ನೇ ಕೂರಿಸಲಾಯಿತು. ಚಿತ್ರಗಳ ಗುಣಮಟ್ಟದ ಬಗ್ಗೆ ಏನೇ ತಕರಾರಿರಲಿ, ಕೊಟ್ಟ ಕಾಸಿಗೆ ಮೋಸವಿರಲಿಲ್ಲ.

ಅಭಿಮಾನಿಗಳ ನೆನಪು

ಈ ಚಿತ್ರಗಳನ್ನು ನೆನೆಯುವವರ ಮಾತಿನಲ್ಲಿ ಕಥೆಗಿಂತ ಅಂದಿನ ಮಧ್ಯಾಹ್ನ, ಪಕ್ಕದ ಕುರ್ಚಿ, ಕತ್ತಲೆಯೇ ಹೆಚ್ಚಾಗಿ ಬರುತ್ತವೆ. ಲೇಖಕ ಸ್ಟೀಫನ್ ಕಿಂಗ್ 1981ರ ‘ಡಾನ್ಸ್ ಮಕಾಬ್ರ್’ ಕೃತಿಯಲ್ಲಿ ಅಂಥ ದಿನವೊಂದನ್ನು ದಾಖಲಿಸಿದ್ದಾರೆ. 1957ರ ಅಕ್ಟೋಬರ್, ಹತ್ತು ವರ್ಷದ ಬಾಲಕ, ತೆರೆಯ ಮೇಲೆ ಹಾರುವ ತಟ್ಟೆಗಳ ದಾಳಿ. ಚಿತ್ರ ಥಟ್ಟನೆ ನಿಂತು ದೀಪ ಹೊತ್ತುತ್ತದೆ. ರಷ್ಯನ್ನರು ಸ್ಪುಟ್ನಿಕ್ ಉಪಗ್ರಹ ಹಾರಿಸಿದ್ದಾರೆಂದು ಮ್ಯಾನೇಜರ್ ಪ್ರಕಟಿಸುತ್ತಾನೆ. ಅದೇ ತಿಂಗಳು ಯೂನಿವರ್ಸಲ್‌ನ 52 ಹಳೆಯ ಚಿತ್ರಗಳ ಕಟ್ಟು ‘ಶಾಕ್’ ಹೆಸರಿನಲ್ಲಿ ಟಿ.ವಿ.ಗೆ ಬಂತು. ಮರುವರ್ಷ ಫಾರೆಸ್ಟ್ ಅಕರ್‌ಮನ್ ಸಂಪಾದಕತ್ವದ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆ ಆರಂಭವಾಯಿತು.

ಎಲ್ಲ ನೆನಪುಗಳೂ ಸಿಹಿಯಲ್ಲ. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನಲ್ಲಿ ತೆರೆಕಂಡ ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸುಮಾರು 1,14,000 ಡಾಲರ್ ವೆಚ್ಚದ ಕಪ್ಪುಬಿಳುಪು ಚಿತ್ರ. ವಯೋಮಿತಿ ಸೂಚಿಸುವ ದರ್ಜೆ ಪದ್ಧತಿ ಜಾರಿಗೆ ಬಂದದ್ದು ಅದರ ಮರುತಿಂಗಳು. ಹೀಗಾಗಿ ಮಕ್ಕಳೂ ಎಂದಿನ ಮೋಜಿಗೆಂದು ಮ್ಯಾಟಿನಿಗೆ ಹೋದರು. ಅಂಥ ಒಂದು ಪ್ರದರ್ಶನ ಕಂಡ ವಿಮರ್ಶಕ ರೋಜರ್ ಎಬರ್ಟ್, ಚೀರಾಟ ಕ್ರಮೇಣ ಅಡಗಿ ಮಕ್ಕಳು ದಿಗ್ಭ್ರಮೆಗೊಂಡು ಕುಳಿತಿದ್ದುದನ್ನು, ಪುಟ್ಟ ಹುಡುಗಿಯೊಬ್ಬಳು ಅಲುಗಾಡದೆ ಅಳುತ್ತಿದ್ದುದನ್ನು ಬರೆದರು. ಶವಗಳಿಂದ ರಾತ್ರಿಯಿಡೀ ಬದುಕುಳಿದ ಕಪ್ಪು ವರ್ಣದ ನಾಯಕ (ಡ್ವೇನ್ ಜೋನ್ಸ್) ಬೆಳಗ್ಗೆ ರಕ್ಷಿಸಲು ಬಂದವರ ಗುಂಡಿಗೇ ಬಲಿಯಾಗುತ್ತಾನೆ. ಒಳ್ಳೆಯವರು ಉಳಿಯುತ್ತಾರೆಂಬ ಹಳೆಯ ಒಪ್ಪಂದ ಅಲ್ಲಿಗೆ ಮುರಿಯಿತು.

ಈ ಚಿತ್ರ ತಯಾರಕರಿಗೆ ಸಲ್ಲಬೇಕಾದಷ್ಟು ಹಣ ತರಲಿಲ್ಲ. ಹಂಚಿಕೆಯ ವೇಳೆ ಶೀರ್ಷಿಕೆ ಬದಲಿಸಿದಾಗ ಅದರ ಜೊತೆಗಿದ್ದ ಹಕ್ಕುಸ್ವಾಮ್ಯದ ಸೂಚನೆಯೂ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಂತೆ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಪ್ರತಿ ತೆಗೆದು ಮಾರಿದರು, ನಡುರಾತ್ರಿ ಟಿ.ವಿ.ಯಲ್ಲಿ ತೋರಿಸಿದರು. ಚಿತ್ರಮಂದಿರದ ಮುಖ ಕಾಣದ ಮುಂದಿನ ತಲೆಮಾರಿನ ಅಭಿಮಾನಿಗಳಲ್ಲಿ ಅನೇಕರಿಗೆ ಅದು ಸಿಕ್ಕಿದ್ದು ಆ ಮಸುಕು ಪ್ರತಿಗಳಲ್ಲಿಯೇ. 1999ರಲ್ಲಿ ಅದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಲಾಯಿತು. ‘ಕ್ಯಾಟ್ ಪೀಪಲ್’ 1993ರಲ್ಲೇ ಆ ಪಟ್ಟಿಯಲ್ಲಿ ಸ್ಥಾನ ಪಡೆದಿತ್ತು.